ಏಕಾಂಗಿ ಯೂಟ್ಯೂಬರನ ದಣಿವು: ಲಕ್ಷಣ, ನಿದಾನ, ಚಿಕಿತ್ಸೆ

ದುಡಿಯುವ ಜೀವಿಗಳಲ್ಲಿ ಬಹುಕಾಲ ಎರಡೇ ಜಾತಿ ಇದ್ದವು: ಧಣಿಯನ್ನು ಬೈದು ಹಗುರಾಗುವವರು, ಆಳನ್ನು ಬೈದು ಹಗುರಾಗುವವರು. 2005ರಲ್ಲಿ ಯೂಟ್ಯೂಬ್ ಹುಟ್ಟಿದ ಮೇಲೆ ಮೂರನೆಯದೊಂದು ಕಾಣಿಸಿಕೊಂಡಿತು. ಇದಕ್ಕೆ ಬೈಯಲು ಯಾರೂ ಇಲ್ಲ. ಧಣಿಯೂ ತಾನೇ, ಆಳೂ ತಾನೇ. ಕ್ಯಾಮೆರಾ, ಎಡಿಟಿಂಗ್, ಲೆಕ್ಕಪತ್ರ ಎಲ್ಲ ತನ್ನದೇ. ಥಂಬ್‌ನೇಲಿನಲ್ಲಿ ಭೂತ ಕಂಡವನಂತೆ ಬಾಯಿ ತೆರೆದು ನಿಲ್ಲುವವನೂ ತಾನೇ. ಹಿಂದಿನ ಶಾಸ್ತ್ರಕಾರರು ಇದಕ್ಕೊಂದು ಹೆಸರಿಡದೆ ಹೋದದ್ದರಿಂದ ಪ್ರಸ್ತುತ ಗ್ರಂಥವು ಇದನ್ನು ‘ಏಕದೇಹಿ ಕಾರ್ಖಾನೆ’ ಎಂದು ಕರೆಯುತ್ತದೆ.

ಮೊದಲು ಪೂರ್ವಾಚಾರ್ಯರ ಸ್ಮರಣೆ. ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನೋವಿಜ್ಞಾನಿ ನ್ಯೂಯಾರ್ಕಿನಲ್ಲಿ ಹಗಲೆಲ್ಲ ತಮ್ಮ ರೋಗಿಗಳನ್ನು ನೋಡಿ, ಸಂಜೆ ಉಚಿತ ಚಿಕಿತ್ಸಾಲಯವೊಂದರಲ್ಲಿ ಬಿಟ್ಟಿ ದುಡಿದು, ಜೊತೆಗಾರರೂ ತಾವೂ ಒಳಗಿಂದ ಬತ್ತಿಹೋಗುವುದನ್ನು ಗಮನಿಸಿ 1974ರಲ್ಲಿ ಬರ್ನ್‌ಔಟ್ ಕುರಿತು ಲೇಖನ ಬರೆದರು. ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಇದನ್ನು ಅಳೆಯುವ ಮಾಪನ ರೂಪಿಸಿದರು. ಅವರ ಪ್ರಕಾರ ಲಕ್ಷಣ ಮೂರು: ಸುಸ್ತು, ಎದುರಿನ ಮನುಷ್ಯರ ಮೇಲೆ ತಾತ್ಸಾರ, ‘ನನ್ನಿಂದೇನೂ ಆಗುತ್ತಿಲ್ಲ’ ಎಂಬ ಭಾವ. ಯೂಟ್ಯೂಬರನಲ್ಲಿ ಎರಡನೆಯ ಲಕ್ಷಣವನ್ನು ಪತ್ತೆ ಮಾಡುವುದು ಕಷ್ಟ. ‘ನಮಸ್ಕಾರ ಸ್ನೇಹಿತರೇ’ ಎಂದು ಎಷ್ಟು ಹಲ್ಲು ಕಿರಿದು ಹೇಳಿದರೂ ಸ್ನೇಹಿತರ ಮೇಲೆ ಅವನಿಗಿರುವ ಕೋಪ ಕ್ಯಾಮೆರಾಕ್ಕೆ ಬೀಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತೀರ್ಪು ಕೊಟ್ಟಿತು: ಬರ್ನ್‌ಔಟ್ ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ. ಹೀಗಾಗಿ ಮೆಡಿಕಲ್ ಸರ್ಟಿಫಿಕೇಟಿನ ದಾರಿ ಮುಚ್ಚಿತು. ಇದ್ದರೂ ಅದನ್ನು ಕೊಡುವುದು ಯಾರಿಗೆ? ಬೆಳಿಗ್ಗೆ ರಜಾ ಅರ್ಜಿ ಬರೆದವನೇ ಮಧ್ಯಾಹ್ನ ಅದನ್ನು ತಿರಸ್ಕರಿಸುತ್ತಾನೆ, ಸಂಜೆ ಅದರ ಬಗ್ಗೆ ಮುನಿಸಿಕೊಂಡು ಕೂರುತ್ತಾನೆ. ಈ ದಣಿವಿನ ಬೇರು ದುಡಿತದ ಗಂಟೆಗಳಲ್ಲಿಲ್ಲ, ಧಣಿಯೂ ಆಳೂ ಒಬ್ಬನೇ ಆದ ಈ ಕಚೇರಿಯಲ್ಲಿದೆ ಎಂಬುದು ಗ್ರಂಥದ ಸಿದ್ಧಾಂತ.

ಇನ್ನು ನಿದಾನ. ಜಾಹೀರಾತಿನ ಹಣಕ್ಕೆ ಅರ್ಹನಾಗಲು 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕೆಂದು ಯೂಟ್ಯೂಬ್ 2018ರಲ್ಲಿ ವಿಧಿಸಿತು. ಯಾರೂ ನೋಡದೆ ಅವ್ವ ಒಬ್ಬಳೇ ನೋಡಬೇಕಾಗಿ ಬಂದರೆ ಊಟ, ನಿದ್ರೆ, ಧಾರಾವಾಹಿ ಬಿಟ್ಟು 166 ದಿನ 16 ಗಂಟೆ ನೋಡಬೇಕು. ಶಾರ್ಟ್ಸ್ ದಾರಿ ಹಿಡಿದವರಿಗೆ 90 ದಿನದಲ್ಲಿ 1 ಕೋಟಿ ವೀಕ್ಷಣೆ ಎಂಬ ಇನ್ನೊಂದು ತಪಸ್ಸಿದೆ.

ಗಡಿ ದಾಟಿದರೂ ತಪ್ಪದ್ದು ಯೂಟ್ಯೂಬಿನ ಸ್ಟುಡಿಯೊ ಆ್ಯಪ್‌ನ ಕಾಟ. ಹೊಸ ವಿಡಿಯೊ ಹಾಕಿದ ಕೂಡಲೇ ಅದು ಅವನದೇ ಹಿಂದಿನ ವಿಡಿಯೊಗಳ ಜೊತೆ ಹೋಲಿಸಿ ಹತ್ತರಲ್ಲಿ ಎಷ್ಟನೆಯದೆಂದು ರ‍್ಯಾಂಕ್ ಕೊಡುತ್ತದೆ. ಪಕ್ಕದ ಬೀದಿಯ ಚಾನೆಲಿನವನು ಸೋಲಿಸಿದ್ದರೆ ಮಾತು ಬೇರೆ. ಇಲ್ಲಿ ಸೋಲಿಸಿದವನು ಕಳೆದ ತಿಂಗಳ ತಾನೇ! ಶಾಪ ಹಾಕುವಂತೆಯೂ ಇಲ್ಲ.

ಅವಲೋಕನಕ್ಕೆ ಸಿಕ್ಕ ಮಾದರಿ ಹುಬ್ಬಳ್ಳಿಯ ಒಬ್ಬ ತಿಂಡಿ ಚಾನೆಲಿನವನು. ಕಲ್ಪಿತನೇ ಇರಲಿ, ಊರಿಗೊಬ್ಬನಾದರೂ ಇದ್ದಾನೆ. ವಿಷಯ: ಗಿರ್ಮಿಟ್. ಚುರುಮುರಿಗೆ ಒಗ್ಗರಣೆಯ ಮಸಾಲೆ ಬಿದ್ದ ಮೇಲೆ ಅದು ಗರಿಗರಿಯಾಗಿರುವುದು ಕೆಲವೇ ನಿಮಿಷ. ಮೊದಲ ಟೇಕಿನಲ್ಲಿ ಮೈಕ್ ಆನ್ ಆಗಿರಲಿಲ್ಲ. ಎರಡನೆಯದರಲ್ಲಿ ಹಿಂದಿನಿಂದ ಕುಕ್ಕರ್ ಕೂಗಿತು. ಮೂರನೆಯ ಹೊತ್ತಿಗೆ ರಿಂಗ್ ಲೈಟಿನ ಬಿಳಿ ಬೆಳಕಿನಲ್ಲಿ ಜೊತೆಗಿಟ್ಟ ಮಿರ್ಚಿಭಜಿ ಬೆವರುತ್ತಿತ್ತು. ಬಾಗಿಲಲ್ಲಿ ನಿಂತ ಅವ್ವ ಅಂದಳು: “ಚುರುಮುರಿ ಮೆತ್ತಗಾತಲ್ಲೋ ತಮ್ಮಾ, ಇನ್ನ ತಿನ್ನೂದ್ಯಾವಾಗ?” ಅವನು ಆ ಮೆತ್ತನೆಯ ಚುರುಮುರಿಯನ್ನು ಬಾಯಿಗಿಟ್ಟು, ಕಣ್ಣುಮುಚ್ಚಿ, “ಆಹಾ, ಏನ್ ಗರಿಗರಿ ಐತಿ ನೋಡ್ರಿ” ಎಂದ. ಮಾಸ್ಲಾಕರ ಮೂರೂ ಲಕ್ಷಣಗಳು ಆ ಒಂದು ತುತ್ತಿನಲ್ಲಿದ್ದವು.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲ ಪ್ರಪಂಚ’, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಬರೆಯಲಿಲ್ಲವೇ? ಕಾದಂಬರಿ, ಯಕ್ಷಗಾನ, ಮೂಕಿಚಿತ್ರ ಎಲ್ಲಕ್ಕೂ ಕೈ ಹಾಕಿ 95 ವರ್ಷ ಬಾಳಲಿಲ್ಲವೇ? ನಿಜ. ಆದರೆ ಕಾದಂಬರಿ ಸಾಕೆನಿಸಿದಾಗ ಅವರು ಕುಣಿತಕ್ಕೆ ಹೊರಟರು, ಕುಣಿತ ಸಾಕಾದಾಗ ಕಾಡು ತಿರುಗಿದರು. ಗಿರ್ಮಿಟ್ ಚಾನೆಲಿನವನು ಒಂದು ದಿನ ಹಕ್ಕಿಗಳ ಬಗ್ಗೆ ಮಾತಾಡಿದರೆ ಚಂದಾದಾರರು ಬಿಟ್ಟುಹೋಗುತ್ತಾರೆ. ಕಾರಂತರಿದ್ದ ಪುತ್ತೂರಿನ ಬಾಲವನಕ್ಕೆ ಸ್ಟುಡಿಯೊ ಆ್ಯಪಿನಲ್ಲಿ ಬರುವಂತೆ 48 ಗಂಟೆಗಳ ಓದುಗರ ಲೆಕ್ಕವೂ ಬರುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ನಿಲ್ಲಿಸಿದರೆ ಅಲ್ಗಾರಿದಮ್ ಮುನಿಯುತ್ತದೆ. ಅದಕ್ಕೆ ಆ ದೇವರ ಪೂಜಾರಿಯಿಂದಲೇ ಉತ್ತರ ಬಂದಿದೆ. ಆಗ ಯೂಟ್ಯೂಬ್ ಮುಖ್ಯಸ್ಥೆಯಾಗಿದ್ದ ಸೂಸನ್ ವೊಜ್ಸಿಕಿ 2019ರ ಪತ್ರದಲ್ಲಿ, ಬಿಡುವು ಪಡೆದು ಮರಳಿದವರಿಗೆ ಸರಾಸರಿಯಲ್ಲಿ ಹೋಗುವ ಮುಂಚಿಗಿಂತ ಹೆಚ್ಚು ವೀಕ್ಷಣೆ ಸಿಕ್ಕಿದೆ ಎಂದು ತಿಳಿಸಿದ್ದರು. ಭಕ್ತರು ನಂಬಲಿಲ್ಲ. ಪೂಜಾರಿ ಹೇಳಿದ್ದನ್ನು ಭಕ್ತರು ನಂಬದ ಧರ್ಮ ಬಹುಶಃ ಇದೊಂದೇ.

ದಣಿವೇ ಸರಕಾಗುವ ಪ್ರಸಂಗವೂ ಉಂಟು. ಕೆನಡಾದ ಎಲ್ ಮಿಲ್ಸ್ 2018ರಲ್ಲಿ, 19ರ ವಯಸ್ಸಿಗೇ ತಾನು ಬತ್ತಿಹೋದೆನೆಂದು ವಿಡಿಯೊ ಮಾಡಿದಳು. ಲಕ್ಷಾಂತರ ಜನ ನೋಡಿದರು. ಇದು ಜ್ವರಕ್ಕೆ ಟಿಕೆಟ್ ಮಾರಿದಂತೆ ಎಂದು ಹಂಗಿಸುವ ಪಂಡಿತರಿದ್ದಾರೆ. ಈ ಗ್ರಂಥ ಹಂಗಿಸುವುದಿಲ್ಲ. ಆ ಹುಡುಗಿಗೆ ಹೇಳಿಕೊಳ್ಳಲು ಬೇರೆ ಜಾಗವಾದರೂ ಎಲ್ಲಿತ್ತು?

ಈಗ ಚಿಕಿತ್ಸೆ. ಕರಾವಳಿಯ ಯಕ್ಷಗಾನ ಮೇಳಗಳು ಚಳಿಗಾಲ, ಬೇಸಿಗೆಯೆಲ್ಲ ರಾತ್ರಿಯಿಂದ ರಾತ್ರಿಗೆ ಊರೂರು ತಿರುಗುತ್ತವೆ. ಮೇ ಕೊನೆಯ ಹೊತ್ತಿಗೆ, ತುಳು ಪಂಚಾಂಗದ ಬೇಶ ತಿಂಗಳ 10ನೆಯ ದಿನ, ಪತ್ತನಾಜೆ ಬರುತ್ತದೆ. ಅಂದು ಗೆಜ್ಜೆ ಬಿಚ್ಚಲೇಬೇಕು. ವೇಷಧಾರಿ ಎಷ್ಟೇ ಉಮೇದಿನಲ್ಲಿರಲಿ, ಆ ವರ್ಷದ ತಿರುಗಾಟ ಮುಗಿಯಿತು. ಮಳೆಗಾಲದಲ್ಲೂ ಮುಂಬೈ, ಬೆಂಗಳೂರಿಗೆ ತಂಡ ಕಟ್ಟಿಕೊಂಡು ಹೋಗುವವರಿದ್ದಾರೆ, ಅದು ಹೊಟ್ಟೆಪಾಡು. ಆದರೆ ರಜೆಯ ಸಹಿ ಪಂಚಾಂಗದ್ದು, ಕಲಾವಿದನದಲ್ಲ. ಉತ್ತರ ಕರ್ನಾಟಕದ ಹಲವು ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದನ್ನೂ ಎತ್ತು ಕೇಳಿ ಪಡೆದದ್ದಲ್ಲ. ಏಕದೇಹಿ ಕಾರ್ಖಾನೆಗೆ ಬೇಕಾದದ್ದು ಇಂಥ ಹೊರಗಿನ ಸಹಿ. ಹತ್ತು ಕಂತಿಗೊಂದು ಸೀಸನ್ ಎಂದು ಮೊದಲೇ ಸಾರಿಬಿಟ್ಟರೆ ಹನ್ನೊಂದನೆಯದನ್ನು ಕೇಳುವ ಹಕ್ಕು ಒಳಗಿನ ಧಣಿಗೂ ಇರುವುದಿಲ್ಲ. ಬ್ರಿಟನ್ನಿನ ಟಾಮ್ ಸ್ಕಾಟ್ ಹತ್ತು ವರ್ಷ ವಾರಕ್ಕೊಂದರಂತೆ ವಿಡಿಯೊ ಹಾಕಿ 2024ರ ಜನವರಿ 1ರಂದು ಆ ಸರಣಿಯ ಗೆಜ್ಜೆ ಬಿಚ್ಚಿದ. ಅವನು ವಿಡಿಯೊ ಹಾಕುತ್ತಿದ್ದದ್ದು ಸೋಮವಾರ. ನಮ್ಮ ಎತ್ತುಗಳು ಇದನ್ನು ಒಪ್ಪುತ್ತಿರಲಿಲ್ಲ.

ಉಳಿದದ್ದು ಒಂದು ಸೂಕ್ಷ್ಮ ಪ್ರಶ್ನೆ. ಎತ್ತಿನಂತೆ ಸೋಮವಾರ ದುಡಿಯೆನೆಂದು ವ್ರತ ಹಿಡಿದವನು ಶನಿವಾರವೇ ಶೆಡ್ಯೂಲ್ ಮಾಡಿಟ್ಟ ವಿಡಿಯೊ ಸೋಮವಾರ ತಾನಾಗಿ ಹೊರಬಂದರೆ ವ್ರತಭಂಗವೇ? ಅಲ್ಲ, ಅಂದು ಎತ್ತು ಹೊಲಕ್ಕೆ ಹೋಗಿಲ್ಲ. ವೀಕ್ಷಣೆಯ ಅಂಕಿ ನೋಡಿದರೆ? ಖಂಡಿತ ಭಂಗ. ಮೊಬೈಲನ್ನು ಪಕ್ಕದ ಮನೆಯವರ ಕೈಗಿಟ್ಟು “ಎಷ್ಟಾಗೇತಿ ಓದಿ ಹೇಳ್ರಿ ಕಾಕಾ” ಎಂದರೆ? ಈ ವಿಷಯದಲ್ಲಿ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಹುಬ್ಬಳ್ಳಿಯ ಮಾದರಿ ಅಷ್ಟರಲ್ಲಿ ಕಾಕಾನನ್ನು ಎರಡು ಸಲ ಕೇಳಿಯಾಗಿದೆ.