ಪದ್ಮಿನಮ್ಮನ ಅರ್ಧ ಹೊಳಪು

ಚಿಕ್ಕಬಳ್ಳಾಪುರದಿಂದ ನಂದಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹೊಸ ಬಡಾವಣೆ. ಬಡಾವಣೆಯಲ್ಲಿ ಒಂದು ಹೊಸ ಮನೆ. ಮನೆಯ ಪೋರ್ಟಿಕೊ ಕೆಳಗೆ ಹೋದ ವರ್ಷ ಕೊಂಡ ಕರಿ ಎಸ್‌ಯುವಿ ತಣ್ಣಗೆ ನಿಂತಿದೆ. ಪೋರ್ಟಿಕೊದಿಂದ ಸರಿಯಾಗಿ ಎರಡಡಿ ಆಚೆ, ನೆತ್ತಿಯ ಮೇಲಿನ ಬಿಸಿಲಿನಲ್ಲಿ, 1978ರ ಪ್ರೀಮಿಯರ್ ಪದ್ಮಿನಿಯವರು ನಿಂತಿದ್ದರು. ಬಾನೆಟ್ಟಿನ ನಡುವಿನಿಂದ ಹೊರಟು, ಟಾಪಿನ ಮೇಲೆ ಹಾದು ಡಿಕ್ಕಿಯವರೆಗೆ ಉದ್ದಕ್ಕೂ ಮಾಸ್ಕಿಂಗ್ ಟೇಪು. ಎಡಗಡೆ ಮಿರಮಿರ ನೀಲಿ, ಬಲಗಡೆ ಬೂದಿ ಬಳಿದಂತೆ ಮಂಕು. ಸಂದರ್ಶನಕ್ಕೆ ಸಮಯ ಕೇಳಿದಾಗ ಕೂಡಲೇ ಒಪ್ಪಿದರು. ಬ್ಯಾಟರಿ ಬಿಚ್ಚಿಟ್ಟಿದ್ದರಿಂದ ಬೇರೆಲ್ಲಿಗೂ ಹೋಗುವಂತಿರಲಿಲ್ಲ.

ನಮಸ್ಕಾರ ಪದ್ಮಿನಮ್ಮ. ಏನಿದು ಅರ್ಧನಾರೀಶ್ವರ ವೇಷ?

ರೀಲ್ಸು ಕಣಪ್ಪ. ಅರ್ಧ ಹಳೇದು, ಅರ್ಧ ಹೊಸದು ಕಾಣಿಸ್ಬೇಕಂತೆ. ಬರೋ ಭಾನುವಾರ ನಮ್ಮ ಹುಡುಗನ ಪ್ರೀವೆಡ್ಡಿಂಗ್ ಶೂಟಿಂಗು, ದ್ರಾಕ್ಷಿ ತೋಟದಲ್ಲಿ. ಅದಕ್ಕೆ ಮುಂಚೆ ‘ಅಜ್ಜಿಗೆ ಮೇಕಪ್’ ಅಂತ ಮೂವತ್ತು ಸೆಕೆಂಡಿನ ವಿಡಿಯೊ. ನನ್ನ ಬಣ್ಣ ಹೋಗೋಕೆ ನಲವತ್ತು ವರ್ಷ ಹಿಡೀತು, ಆ ಮಾತು ಬಿಡು.

ತಾವು ಮೂಲತಃ ಮುಂಬೈನವರು ಅಲ್ಲವೇ?

ಅಚ್ಚಾಗಿದ್ದು ಕುರ್ಲಾದ ಕಾರ್ಖಾನೇಲಿ, ನಿಜ. ಆದ್ರೆ ವಂಶ ಕೇಳಿದ್ರೆ ನಾನು ಈ ತಾಲ್ಲೂಕಿನ ಮೊಮ್ಮಗಳು. ನಗಬೇಡ. ಮುದ್ದೇನಹಳ್ಳಿ ವಿಶ್ವೇಶ್ವರಯ್ಯನೋರು ದಿವಾನಗಿರಿ ಬಿಟ್ಟ ಮೇಲೆ ಮನೇಲಿ ಕೂತೋರಲ್ಲ. 1930ರ ದಶಕದಲ್ಲಿ ಯೂರೋಪು, ಅಮೆರಿಕ ಸುತ್ತಿ, ಮೋಟಾರು ಕಾರ್ಖಾನೆಗಳನ್ನ ನೋಡ್ಕೊಂಡು ಬಂದು, ನಮ್ಮ ದೇಶದಲ್ಲೂ ಒಂದು ಆಗ್ಲಿ ಅಂತ ಯೋಜನೆ ಬರೆದರು. ಬ್ರಿಟಿಷರಿಗೆ ಅದು ಬೇಕಿರಲಿಲ್ಲ. ಆ ಯೋಜನೆ ಹಿಡ್ಕೊಂಡು ಓಡಾಡ್ದೋರು ವಾಲ್‌ಚಂದ್ ಹೀರಾಚಂದ್. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು, ಆಮೇಲೆ ಇಟಲಿಯ ಫಿಯಟ್ ಜೊತೆ ಸಂಬಂಧ ಬೆಳೀತು. ಫಿಯಟ್ 1100 ಅನ್ನೋಳು ನಮ್ಮಮ್ಮ. 1970ರ ದಶಕದಲ್ಲಿ ಮನೆತನದ ಹೆಸರು ಬದಲಾಗಿ ನಾವು ಪದ್ಮಿನಿಯರಾದ್ವಿ.

ಮುದ್ದೇನಹಳ್ಳಿ ಇಲ್ಲಿಂದ ಎಷ್ಟು ದೂರ? ತಾತನ ಜಯಂತಿ ಸೆಪ್ಟೆಂಬರ್ 15ಕ್ಕೆ. ಅವತ್ತು ಅಲ್ಲಿಗೆ ಬಿಳಿ ಕಾರು, ಕರಿ ಕಾರು ಸಾಲುಗಟ್ಟಿ ಹೋಗ್ತವೆ. ನನ್ನ ಒಂದು ದಿನಾನೂ ಕರ್ಕೊಂಡು ಹೋಗಿಲ್ಲ. ಹೊಗೆ ಬರುತ್ತಂತೆ.

ಮೊದಲ ಮನೆ ಯಾವುದು?

ಶಿಡ್ಲಘಟ್ಟ. ರೇಷ್ಮೆ ರೀಲರ್ ಒಬ್ಬರು ವರ್ಷಗಟ್ಟಲೆ ಕಾದು ನನ್ನ ಬರಮಾಡಿಕೊಂಡ್ರು. ಆ ಕಾಲದಲ್ಲಿ ದುಡ್ಡು ಕಟ್ಟಿದ ಮಾತ್ರಕ್ಕೆ ಕಾರು ಸಿಗ್ತಿರಲಿಲ್ಲ, ಸರದಿ ಇತ್ತು. ನಾನು ಬಂದ ದಿನ ಬೀದಿಯೋರೆಲ್ಲ ಮುಟ್ಟಿ ನೋಡಿದ್ರು. ನನ್ನ ನೀಲಿಯಲ್ಲಿ ಹೆಂಗಸರು ಕುಂಕುಮ ಸರಿ ಮಾಡ್ಕೊಂಡ್ರು. ಅಷ್ಟು ಹೊಳಪು.

ಯಜಮಾನರು ದಿನಾ ಬೆಳಗ್ಗೆ ಗೂಡಿನ ಮಾರುಕಟ್ಟೆ ಹೊರಗೆ ನಿಲ್ಲಿಸೋರು. ಹರಾಜು ಮುಗಿಯೋ ಹೊತ್ತಿಗೆ ಸೂರ್ಯ ನೆತ್ತಿಗೆ. ಒಳಗೆ ಗೂಡಿಗೆ ನೆರಳು, ರೈತರಿಗೆ ನೆರಳು, ನನಗೆ ಬಿಸಿಲು. ಸಾಯಂಕಾಲ ನೂಲು ತೆಗೆಯೋ ಫಿಲೇಚರ್ ಮುಂದೆ ನಿಂತ್ರೆ ಒಲೆಯ ಬೂದಿ, ಗೂಡು ಬೇಯಿಸೋ ಹಬೆ, ಹುಳದ ವಾಸನೆ. ಡಿಕ್ಕೀಲಿ ಈಗಲೂ ಮೂಗಿಟ್ಟು ನೋಡು.

(ನೋಡಲಿಲ್ಲ. ಮಾತನ್ನೇ ನಂಬಿದೆ.)

ಬಿಸಿಲಿಗೆ ಬಣ್ಣ ಹೋಗುವುದು ಹೇಗೆ? ಎಲ್ಲರೂ ‘ಹಳೇದಾಯ್ತು’ ಅನ್ನುತ್ತಾರೆ.

ವಯಸ್ಸಿನ ಮೇಲೆ ಹಾಕೋದು ಸುಲಭ ನೋಡು. ಬಣ್ಣ ಅಂದ್ರೆ ಎರಡು ಸಾಮಾನು: ಬಣ್ಣದ ಪುಡಿ, ಅದನ್ನ ಹಿಡಿದಿಟ್ಟ ರಾಳ. ಬಿಸಿಲಿನ ನೇರಳಾತೀತ ಕಿರಣ ಆ ರಾಳವನ್ನ ಸ್ವಲ್ಪಸ್ವಲ್ಪವಾಗಿ ಮುರಿಯುತ್ತೆ, ಗಾಳಿಯ ಆಮ್ಲಜನಕ ಅದಕ್ಕೆ ಸಾಥ್ ಕೊಡುತ್ತೆ. ಹಿಡಿದಿಟ್ಟೋನು ಸತ್ತ ಮೇಲೆ ಪುಡಿ ಏನು ಮಾಡೀತು, ಸಡಿಲ ಆಗಿ ಮೇಲೆ ಕೂರುತ್ತೆ. ಬೆರಳಾಡಿಸಿದ್ರೆ ಸೀಮೆಸುಣ್ಣದ ಥರ ಕೈಗೆ ಬರುತ್ತೆ. ಮೇಲ್ಮೈ ಒರಟಾದ ಮೇಲೆ ಬೆಳಕು ನೆಟ್ಟಗೆ ವಾಪಸ್ ಬರದೆ ದಿಕ್ಕಾಪಾಲಾಗಿ ಚೆದರುತ್ತೆ. ಅದೇ ನಿಮ್ಮ ಕಣ್ಣಿಗೆ ಮಂಕು.

ಆದ್ರೆ ಕೆಳಗಿನ ಬಣ್ಣ ಇನ್ನೂ ಜೀವಂತ ಇರುತ್ತೆ. ಸತ್ತಿರೋದು ಮೇಲಿನ ತೊಗಲು ಅಷ್ಟೇ.

ಮತ್ತೆ ಬಾನೆಟ್ ಮೇಲೆ ಈ ಬಿಳಿ ಉಂಗುರಗಳು?

ಅದು ಜಿಲ್ಲೆಯ ಕೊಡುಗೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ನಮಗೇ ಒಂದು ಜಿಲ್ಲೆ ಆಯ್ತು, ನೀರು ಮಾತ್ರ ಬೇರೆಯಾಗಿ ಬರಲಿಲ್ಲ. ಸಾವಿರ ಅಡಿಗೂ ಆಳದ ಬೋರ್‌ವೆಲ್ ನೀರು ಅದು, ಗಡಸು. ತೊಳೆದು ಬಿಸಿಲಲ್ಲಿ ಬಿಟ್ರೆ ನೀರು ಹಾರಿ ಹೋಗುತ್ತೆ, ಸುಣ್ಣ ಉಳಿಯುತ್ತೆ. ಇದೇ ನೆಲದ ನೀರಿನ ಫ್ಲೋರೈಡು ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರೀತು. ಆ ಪಟ್ಟೆ ನೋಡಿ ಯಾರೂ ಹಲ್ಲು ಪಾಲಿಶ್ ಮಾಡಿಸಿ ಅನ್ನಲಿಲ್ಲ, ಊರೂರಿಗೆ ಶುದ್ಧ ನೀರಿನ ಘಟಕ ಕೂರಿಸಿದ್ರು. ನನ್ನ ವಿಷಯದಲ್ಲಿ ಮಾತ್ರ ನೀರು ಬದಲಾಯಿಸಿ ಅಂದೋರಿಲ್ಲ, ಉಜ್ಜಿ ಅಂದ್ರು.

ಒಬ್ಬ ಮಹಾನುಭಾವ ಹುಣಸೆಹಣ್ಣು ಹಚ್ಚಿ ತಿಕ್ಕು ಅಂದ. ನಾನೇನು ಹಿತ್ತಾಳೆ ಚೊಂಬೇನಪ್ಪಾ?

ಈಗ ಕೆರೆಗಳು ತುಂಬಿವೆಯಲ್ಲ?

ತುಂಬಿವೆ, ತುಂಬಿವೆ. ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆ ಸಂಸ್ಕರಿಸಿ, ಪೈಪಲ್ಲಿ ಹತ್ತಿಸಿ ಕಂದವಾರ ಕೆರೆಗೆ ಬಿಟ್ಟಿದ್ದಾರೆ. ಬೆಂಗಳೂರಿನೋರು ಕಾರು ತೊಳೆದ ನೀರು ಚಿಕ್ಕಬಳ್ಳಾಪುರಕ್ಕೆ ಬರುತ್ತೆ. ನಮ್ಮ ದ್ರಾಕ್ಷಿ, ಗುಲಾಬಿ, ತರಕಾರಿ ವಾಪಸ್ ಹೋಗುತ್ತೆ. ಶನಿವಾರ ಭಾನುವಾರ ಆ ಕಾರುಗಳೇ ನಂದಿ ಬೆಟ್ಟಕ್ಕೆ, ಆದಿಯೋಗಿಗೆ ಬಂದು ದಾರಿ ಕಟ್ಟುತ್ತವೆ. ಕೊಡು ಕೊಳ್ಳುವಿಕೆ ಸರಿಯಾಗೇ ನಡೀತಿದೆ.

ಶಿಡ್ಲಘಟ್ಟ ಬಿಟ್ಟಿದ್ದೇಕೆ?

ಚೀನಾ ರೇಷ್ಮೆ ಬಂತು, ನೂಲಿನ ಬೆಲೆ ಬಿತ್ತು, ಯಜಮಾನರು ನನ್ನನ್ನ ಮಾರಿದ್ರು. ಕೊಟ್ಟು ಕಳಿಸೋ ದಿನ ತೊಳೆದು, ತೆಂಗಿನೆಣ್ಣೆ ಹಚ್ಚಿದ್ರು. ಹೆಣ್ಣು ಕೊಟ್ಟ ಹಾಗೆ.

ಹೋಗಿದ್ದು ಚಿಂತಾಮಣಿಗೆ, ಟೊಮೆಟೊ ಮಂಡಿ ಮಾಲೀಕರ ಮನೆಗೆ. ಅವರಿಗೆ ನಾನು ಕಾರು ಅಲ್ಲ, ಗೂಡ್ಸ್ ಗಾಡಿ. ಟಾಪ್ ಮೇಲೆ ಕ್ಯಾರಿಯರು, ಕ್ಯಾರಿಯರ್ ಮೇಲೆ ಕ್ರೇಟು. ಒಡೆದ ಹಣ್ಣಿನ ಹುಳಿ ಸೋರಿ ನನ್ನ ನೆತ್ತಿ ಮೇಲೆ ಹೆಪ್ಪುಗಟ್ಟೋದು. ಬೆಲೆ ಇದ್ದಾಗ ಡ್ರೈವರ್‌ಗೆ ಬಕೀಟು ಕೊಟ್ಟು ತೊಳಿ ಅನ್ನೋರು. ಬೆಲೆ ಇಲ್ಲದಾಗ ಟೊಮೆಟೊ ರಸ್ತೆಗೆ, ನಾನು ಮೂಲೆಗೆ.

ಎಫ್.ಸಿ. ಮಾಡಿಸೋ ದಿನ ಮಾತ್ರ ಉಪಚಾರ. ಹಳೇ ಬಟ್ಟೇಲಿ ಡೀಸೆಲ್ ಅದ್ದಿ ಮೈಯೆಲ್ಲ ಒರೆಸೋರು. ಆಹಾ, ಏನು ಕಳೆ! ಎಣ್ಣೆ ಒರಟಿನ ಸಂದು ತುಂಬುತ್ತಲ್ಲ, ಅರ್ಧ ದಿನ ಮದುಮಗಳು. ಆಮೇಲೆ ಕ್ರಷರ್ ಧೂಳೆಲ್ಲ ಅದಕ್ಕೇ ಅಂಟ್ಕೊಂಡು ಮೊದಲಿಗಿಂತ ಕಡೆ. ಕಾಗದದಲ್ಲಿ ಪಾಸ್.

ಆಮೇಲಿನ ಗೌರಿಬಿದನೂರಿನ ದಿನಗಳ ಬಗ್ಗೆ ಮಾತಾಡಲು ಅಡ್ಡಿಯಿಲ್ಲವೇ?

ಅಲ್ಲಿ ನಾನು ರಾಜಕೀಯದಲ್ಲಿದ್ದೆ.

ಮೂರನೆಯ ಯಜಮಾನರು ಕಂಟ್ರಾಕ್ಟರು. ಚುನಾವಣೆಗೆ ನಿಂತ್ರು. ನೀಲಿ ಕಾರಲ್ಲಿ ನಾಯಕ ಬಂದ್ರೆ ಜನ ಎದ್ದು ನಿಲ್ಲಲ್ಲ ಅಂತ ಯಾರೋ ಹೇಳಿದ್ರಂತೆ. ರಾತ್ರೋರಾತ್ರಿ ಬಿಳಿ ಹೊಡೆಸಿದ್ರು. ಬಣ್ಣ ಬದಲಾಯಿಸಿದ್ರೆ ಆರ್‌ಸಿಯಲ್ಲಿ ಬರೆಸಬೇಕು, ಬರೆಸಲಿಲ್ಲ. ಹಳೇ ಬಣ್ಣವನ್ನ ವಾಟರ್ ಪೇಪರಲ್ಲಿ ಉಜ್ಜಿ ಪ್ರೈಮರ್ ಹೊಡೆದ ಮೇಲೆ ಹೊಸದು ಹಚ್ಚಬೇಕು. ಅದಕ್ಕೆ ಟೈಮಿಲ್ಲ, ನಾಮಪತ್ರಕ್ಕೆ ಕೊನೇ ದಿನ. ಟಾಪಿಗೆ ತೂತು ಕೊರೆದು ಮೈಕು, ಬಾಗಿಲಿಗೆ ಮೈದಾ ಅಂಟಲ್ಲಿ ಪೋಸ್ಟರು.

ವಿದುರಾಶ್ವತ್ಥಕ್ಕೂ ಹೋಗಿದ್ದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿಸಿದ್ರಲ್ಲ, ಆ ಹುತಾತ್ಮರಿಗೆ ಹೂ ಹಾಕೋಕೆ. ನಾಯಕರಿಗೆ ಶಾಮಿಯಾನ, ಕಾರ್ಯಕರ್ತರಿಗೆ ಮರದ ನೆರಳು, ನನಗೆ ಏಪ್ರಿಲ್ ಬಿಸಿಲು. ಬಿಸಿಲಿಗೂ ಪರವಾಗಿಲ್ಲ, ಭಾಷಣ ಉದ್ದ ಇತ್ತು.

ಸೋತರು. ಆ ಬಿಳಿ ಎರಡು ಮಳೆಗಾಲಕ್ಕೆ ಸಿಪ್ಪೆ ಬಿಡ್ತು. ಆದ್ರೆ ಒಂದು ಮಾತು ಹೇಳ್ಲಾ? ಸಿಪ್ಪೆ ಏಳದ ಜಾಗದಲ್ಲೆಲ್ಲ ಕೆಳಗಿನ ನೀಲಿಗೆ ಅಷ್ಟೂ ವರ್ಷ ನೆರಳು ಸಿಕ್ಕಿತು. ಇಷ್ಟು ಜನ ಯಜಮಾನರಲ್ಲಿ ನನಗೆ ನೆರಳು ಕೊಟ್ಟಿದ್ದು ಆ ಸೋತ ಅಭ್ಯರ್ಥಿಯ ಕಳಪೆ ಬಣ್ಣ ಒಂದೇ.

ಈಗ ಎಡಗಡೆಗೆ ಜೀವ ಕೊಟ್ಟವರು ಯಾರು?

ಪೇಂಟರ್ ಭಾಯಿ. ಅಗೋ, ಬೀಡಿ ಸೇದ್ತಾ ಕೂತವ್ರೆ. ಮೊದಲು ಬೇರೆ ಯಾರ್‍ಯಾರೋ ಬಂದಿದ್ರು. ಸೆರಾಮಿಕ್ ಕೋಟಿಂಗ್ ಹುಡುಗ ಬಂದ, ಸತ್ತ ತೊಗಲಿನ ಮೇಲೇ ಗಾಜಿನ ಪೊರೆ ಹಾಕ್ತೀನಿ ಅಂದ. ಇನ್ನೊಬ್ಬ ಸ್ಟಿಕ್ಕರ್ ರ್‍ಯಾಪ್ ಅಂದ, ಯಾವ ಬಣ್ಣ ಬೇಕೋ ಮೊಬೈಲಲ್ಲಿ ಆರಿಸ್ಕೊಳ್ಳಿ ಅಂತ. ಮೂರನೆಯವನು ಬಫಿಂಗ್ ಮಿಷನ್ ತಂದು ಪ್ಲಗ್ ಪಾಯಿಂಟ್ ಎಲ್ಲಿ ಅಂದ.

ಭಾಯಿ ಬಂದೋರು ಮೊದಲು ಮಾತಾಡಲಿಲ್ಲ. ಉಳಿದ ಬಿಳಿ ಸಿಪ್ಪೆಯನ್ನ ಪ್ಲಾಸ್ಟಿಕ್ ಬ್ಲೇಡಲ್ಲಿ ಎಬ್ಬಿಸಿದ್ರು. ಘಟಕದಿಂದ ಕ್ಯಾನ್ ನೀರು ತರಿಸಿ ನೆರಳು ಬಂದ ಮೇಲೆ ತೊಳೆದ್ರು. ಬಿಳಿ ಬನಿಯನ್ ಬಟ್ಟೆಗೆ ಒಂಚೂರು ಪಾಲಿಶ್ ಹಾಕಿ, ಡಿಕ್ಕಿ ಮೂಲೇಲಿ, ಯಾರಿಗೂ ಕಾಣದ ಕಡೆ ಉಜ್ಜಿದ್ರು. ಬಟ್ಟೆ ನೀಲಿ ಆಯ್ತು. ಆಗ ನಕ್ಕರು. ಬಟ್ಟೆಗೆ ಬಣ್ಣ ಬಂತು ಅಂದ್ರೆ ಮೇಲೆ ಕ್ಲಿಯರ್ ಕೋಟ್ ಇಲ್ಲ, ಇರೋದೆಲ್ಲ ಬಣ್ಣವೇ, ಬದುಕಿಸಬಹುದು ಅಂತ ಅರ್ಥ.

ಆಮೇಲೆ ಎಣ್ಣೆಯಂಶ ಇರೋ ಗ್ಲೇಜು ದಪ್ಪಕ್ಕೆ ಹಚ್ಚಿ ರಾತ್ರಿಯೆಲ್ಲ ಬಿಟ್ಟರು. ಒಣಗಿದ ಬಣ್ಣ ಅದನ್ನ ಹೀರುತ್ತೆ. ಬೆಳಗ್ಗೆ ಒರೆಸಿ ಮತ್ತೆ ಹಚ್ಚಿದ್ರು. ಹಾಗೆ ನೆನೆದ ಮೇಲೇ ಕೈಯಲ್ಲಿ ನಯವಾದ ಪಾಲಿಶು, ಕೊನೆಗೆ ವ್ಯಾಕ್ಸು. ಅಂಚುಗಳಲ್ಲಿ ಬಣ್ಣ ತೆಳು, ಅಲ್ಲಿ ಬೆರಳಿನ ಒತ್ತಡ ಕೂಡ ಬೇಡ ಅಂತ ಹುಡುಗರಿಗೆ ಬಯ್ದರು. ಆದರೂ ಬಾನೆಟ್ ಅಂಚಲ್ಲಿ ಒಂದು ಕಡೆ ಕೆಂಪು ಪ್ರೈಮರ್ ಇಣುಕಿತು. ಅಲ್ಲಿಗೇ ಕೈ ತೆಗೆದ್ರು.

ಅಂದರೆ ಪಾಲಿಶ್ ಹೊಳಪು ಕೊಡುವುದಲ್ಲವೇ?

ಕೊಡೋದಲ್ಲ ಕಣಪ್ಪ, ತೆಗೆಯೋದು. ಶಿಡ್ಲಘಟ್ಟದ ಕಚ್ಚಾ ರೇಷ್ಮೆ ಮುಟ್ಟಿದ್ದೀಯಾ? ಒರಟು, ಮಂಕು. ಸೋಪಿನ ನೀರಲ್ಲಿ ಕುದಿಸಿ ಮೇಲಿನ ಅಂಟು ಕಳೆದ ಮೇಲೇ ಆ ಮಿನುಗು. ತೂಕದಲ್ಲಿ ಹೆಚ್ಚೂಕಡಿಮೆ ಕಾಲುಭಾಗ ಆ ನೀರಿಗೇ ಹೋಗುತ್ತೆ. ನನ್ನದೂ ಅದೇ ಲೆಕ್ಕ. ವ್ಯತ್ಯಾಸ ಏನಂದ್ರೆ ರೇಷ್ಮೆಗೆ ಒಂದೇ ಸಲ, ನನಗೆ ಯಜಮಾನರು ಬದಲಾದಾಗಲೆಲ್ಲ. ಮೈಮೇಲಿನ ಬಣ್ಣ ಎಲ್ಲ ಸೇರಿ ಮಿಲಿಮೀಟರಿನ ಹತ್ತರಲ್ಲೊಂದು ಭಾಗ ಇದ್ದೀತು. ಪ್ರತಿ ಸಲ ಉಜ್ಜಿದಾಗಲೂ ಅದರಲ್ಲಿ ಒಂದು ಪಾಲು ಬನಿಯನ್ ಬಟ್ಟೆಗೆ. ಇನ್ನೆಷ್ಟು ಮದುವೆ ತಡ್ಕೊಳ್ಳುತ್ತೆ ಅಂತ ನೀನೇ ಲೆಕ್ಕ ಹಾಕು.

ಸರ್ಕಾರ ಈಗ ವಿಂಟೇಜ್ ವಾಹನಗಳಿಗೆ ಮಾನ್ಯತೆ ಕೊಟ್ಟಿದೆ. ಅರ್ಜಿ ಹಾಕಬಹುದಲ್ಲ?

ಹಾಕಬಹುದು, ವಯಸ್ಸಾಗಬೇಕು. 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸ್ಕೊಳ್ಳೋಕೆ ಐವತ್ತು ವರ್ಷ ದಾಟಬೇಕು, ನನಗೆ 2028ಕ್ಕೆ ಮೊದಲು ಆ ಭಾಗ್ಯ ಇಲ್ಲ. ಹದಿನೈದು ದಾಟಿದ್ರೆ ಮಾತ್ರ ಆಗಲೇ ಮುದುಕಿ. ಮರುನೋಂದಣಿ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯ್ತು. ಹದಿನೈದರಿಂದ ಐವತ್ತರ ತನಕ ಗುಜರಿ, ಐವತ್ತಾದ ಮಾರನೇ ದಿನ ಪರಂಪರೆ. ನಡುವಿನ ಮೂವತ್ತೈದು ವರ್ಷ ಎಲ್ಲಾದರೂ ಮರೆಯಾಗಿ ಬದುಕಿರಬೇಕು. ಧರ್ಮಸ್ಥಳದ ಕಾರು ಮ್ಯೂಸಿಯಂನಲ್ಲಿ ಇರೋರು ಪುಣ್ಯವಂತರು, ತಲೆ ಮೇಲೆ ಸೂರಿದೆ.

2019ರಲ್ಲಿ ನಮ್ಮ ಹೆಸರಲ್ಲೇ ಸಿನಿಮಾ ಬಂತು, ಜಗ್ಗೇಶ್ ಮಾಡಿದ್ರು. ಅವಾಗ ಒಂದು ವಾರ ಜನ ನನ್ನ ಪಕ್ಕ ಸೆಲ್ಫಿ ತಗೊಂಡ್ರು. ಟೈರಿಗೆ ಗಾಳಿ ಹೊಡೆಸಿದೋರಿಲ್ಲ.

ನಿಮ್ಮ ಬೇಡಿಕೆ ಏನು?

ಒಂದು ಚಪ್ಪರ. ತೆಂಗಿನ ಗರಿಯದ್ದಾದರೂ ನಡೆಯುತ್ತೆ.

ಪೋರ್ಟಿಕೊದಲ್ಲಿ ಅವರಿದ್ದಾರಲ್ಲ…

ಅವನಾ? ಅವನಿಗೆ ಬಿಸಿಲು ಹೆಚ್ಚು ಅಪಾಯ, ಸತ್ಯ ಹೇಳಬೇಕು. ಅವನ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟು. ಅದು ಸತ್ತರೆ ಬಿಸಿಲಿಗೆ ಸುಟ್ಟ ಬೆನ್ನಿನ ಹಾಗೆ ಪೊರೆಪೊರೆ ಏಳುತ್ತೆ, ಉಜ್ಜಿ ಬದುಕಿಸೋ ಹಾಗಿಲ್ಲ, ಹೊಸದಾಗಿ ಹೊಡೀಬೇಕು. ಇರ್ಲಿ ಪಾಪ, ಒಳಗೇ ಇರ್ಲಿ. ಇನ್ನೂ ಕಂತು ತೀರಿಲ್ಲ.

ಇಷ್ಟು ಹೊತ್ತಿಗೆ ಮದುಮಗ, ಛಾಯಾಗ್ರಾಹಕನನ್ನು ಕರೆದುಕೊಂಡು ಬಂದ. ಛಾಯಾಗ್ರಾಹಕ ಪದ್ಮಿನಮ್ಮನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಎಡಗಡೆ ನಿಂತು ಮುಖ ಸಿಂಡರಿಸಿದ, ಬಲಗಡೆ ನಿಂತು ಕಣ್ಣರಳಿಸಿದ.

“ಅಣ್ಣ, ಆ ಕಡೆ ಜಾಸ್ತಿ ಶೈನ್ ಹೊಡೀತಿದೆ, ಹೊಸ ಗಾಡಿ ಥರ. ಈ ಕಡೆ ನೋಡಿ, ಏನು ವಿಂಟೇಜ್ ಫೀಲು! ಪೂರಾ ಹಿಂಗೇ ಇದ್ದಿದ್ರೆ ಸೂಪರ್ ಆಗಿರೋದು.”

ಮದುಮಗ ತಲೆ ಕೆರೆದುಕೊಂಡು ಬೀಡಿಯ ಹೊಗೆಯತ್ತ ತಿರುಗಿದ. “ಭಾಯಿ, ಭಾನುವಾರದೊಳಗೆ ಆ ಕಡೇನೂ ಮಂಕು ಮಾಡೋಕಾಗುತ್ತಾ?”

ಭಾಯಿ ಬೀಡಿ ಆರಿಸಿದರು. “ಆಗುತ್ತೆ ಸಾರ್. ಬಿಸಿಲಲ್ಲಿ ಬಿಟ್ರೆ ಪುಕ್ಕಟೆ, ಆದ್ರೆ ಹತ್ತು ವರ್ಷ. ಅರ್ಜೆಂಟು ಅಂದ್ರೆ ಡಬಲ್ ರೇಟು.”

“ಅಡ್ವಾನ್ಸ್ ಇಸ್ಕೋ ಭಾಯಿ,” ಎಂದರು ಪದ್ಮಿನಮ್ಮ.