ಹಾಡುವವರಿಗೆ ವ್ಯಾಪಾರ ಕಲಿಸುವ ಕೈಪಿಡಿ (ಮಿರಜ್ ಮಾದರಿ)

ಸಂಗೀತ ಎಂ.ಎ. ತರಗತಿಗೆ 'ಉದ್ಯಮಶೀಲತೆ' ಬೋಧಿಸುವ ಹೊಣೆ ನಿಮ್ಮ ತಲೆಗೆ ಬಂದಿದೆಯೇ? ಮೊದಲು ಪ್ರೊಜೆಕ್ಟರ್ ಆರಿಸಿ, ಮಕ್ಕಳನ್ನು ಮಿರಜಿನ ರೈಲು ಹತ್ತಿಸಿ. ಬೆಳಗಾವಿ, ವಿಜಯಪುರದ ಕಡೆಯವರು ಮಿರಜಿಗೆ ಹೋಗುವುದು ದವಾಖಾನೆಗೆ. ನಿಮ್ಮ ಮಕ್ಕಳಿಗೂ ಒಂದು ರೋಗವಿದೆ: 'ನಾನು ಕಲಾವಿದ, ದುಡ್ಡಿನ ಮಾತು ಬೇಡ.'

ಸತಾರಮೇಕರ್ ಗಲ್ಲಿಯಲ್ಲಿ ಇಳಿಸಿ. ಇಲ್ಲಿಯ ಶಿಕಲಗಾರರು ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು. 19ನೇ ಶತಮಾನದಲ್ಲಿ ಕತ್ತಿ ಕೇಳುವವರಿಲ್ಲವಾದಾಗ ಸೋರೆಬುರುಡೆ ಹಿಡಿದು ತಂಬೂರಿ ಮಾಡಲು ಕುಳಿತರು. 2024ರಲ್ಲಿ ಮಿರಜಿನ ಸಿತಾರು, ತಂಬೂರಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ನಾದ ಹದಗೊಳಿಸುವ ಕೆಲಸವನ್ನು, ಅಂದರೆ ಜವಾರಿ ತೆಗೆಯುವುದನ್ನು, ಅರ್ಧ ದಿನ ತೋರಿಸಿ. ತಂತಿ ಹೊರುವ ಘೋಡಿ ಉಜ್ಜುತ್ತಾರೆ, ತಂತಿಯಡಿ ದಾರ ಸರಿಸುತ್ತಾರೆ, ಮೀಟಿ ಕೇಳುತ್ತಾರೆ, ಮತ್ತೆ ಉಜ್ಜುತ್ತಾರೆ. ಕೂದಲೆಳೆಯಷ್ಟು ಹೆಚ್ಚಾದರೆ ನಾದ ಸತ್ತಿತು. ಬಳಿಕ ಬೆಲೆ ಕೇಳಿಸಿ. ಚೌಕಾಸಿ ಮಾಡಿದವನ ಅಂಕ ಕಳೆಯಿರಿ. ನಾಳೆ ಅವನ ಸಂಭಾವನೆಗೂ ಯಾರೋ ಹೀಗೇ ಚೌಕಾಸಿ ಮಾಡುತ್ತಾರೆ.

ಮುಂದಿನ ಪಾಠ ನಾಟಕದ್ದು. ನಾಟಕದ ಹಾಡು ಹಾಡಿದರೆ ಶಾಸ್ತ್ರೀಯ ಕೆಡುತ್ತದೆ ಎಂದು ಯಾರಾದರೂ ಗೊಣಗಿದರೆ, ಮಲ್ಲಿಕಾರ್ಜುನ ಮನಸೂರರು ಗುರು ನೀಲಕಂಠಬುವಾ ಮಿರಜಕರರ ಕಣ್ಣಿಗೆ ಬಿದ್ದದ್ದೇ ನಾಟಕ ಕಂಪನಿಯಲ್ಲಿ ಎಂದು ಹೇಳಿ ಮುಂದೆ ನಡೆಯಿರಿ.

ಮುಂದೆ ಸಾಂಗ್ಲಿ. ನಮ್ಮ ಕನ್ನಡದ ಭಾಗವತರ ಮೇಳದ ಆಟ ನೋಡಿದ ಅಲ್ಲಿಯ ಅರಸರು ಅಂಥದೇ ಮರಾಠಿಯಲ್ಲಿ ಬೇಕೆಂದರು. ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಅರಸರು ತೀರಿಕೊಂಡರು, ಆಶ್ರಯ ತಪ್ಪಿತು. ಭಾವೆ ಮಂಡಳಿ ಕಟ್ಟಿಕೊಂಡು ಊರೂರು ತಿರುಗಿ, 1853ರಲ್ಲಿ ಮುಂಬಯಿಯಲ್ಲಿ ಟಿಕೆಟ್ ಇಟ್ಟು ಆಡಿದರು. ಸರ್ಕಾರದ ಅನುದಾನ ನಂಬಿ ಕೂತವರು ಈ ಅಧ್ಯಾಯವನ್ನು ಎರಡು ಸಲ ಓದಲಿ.

ಎಚ್ಚರಿಕೆ: ಇನ್ನು ಮುಂದಿನದು ಸಾಲದ ಪಾಠ. ಮಿರಜಿನಲ್ಲಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು ಟಿಕೆಟ್ ಇಟ್ಟು ಹಾಡಿದರು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು, ಸ್ವರಲಿಪಿಯ ಪುಸ್ತಕ ಅಚ್ಚು ಹಾಕಿಸಿದರು. ಮುಂಬಯಿಯ ಶಾಲೆಗೆಂದು ಮಾಡಿದ ಸಾಲ ತೀರದೆ ಆಸ್ತಿ ಹರಾಜಾಯಿತು. ಬೋಧಕರು ಇದನ್ನು ಹಾರಿಸುವುದುಂಟು. ಹಾರಿಸಬೇಡಿ. ತಾಳದಲ್ಲಿ ತಿಹಾಯಿಯ ಲೆಕ್ಕ ತಪ್ಪದವನಿಗೆ ಬಡ್ಡಿಯ ಲೆಕ್ಕವೇಕೆ ಬರಬಾರದು?

ಕೊನೆಗೆ ಮತ್ತೆ ಮಿರಜಿಗೆ, ಮೀರಾಸಾಹೇಬ ದರ್ಗಾಕ್ಕೆ. 1937ರಲ್ಲಿ ತೀರಿಕೊಂಡ ಗಾಯಕ ಅಬ್ದುಲ್ ಕರೀಂ ಖಾನರ ಸಮಾಧಿ ಇಲ್ಲಿದೆ. ಉರುಸಿಗೆ ದೊಡ್ಡ ದೊಡ್ಡ ಗಾಯಕರು ಬಂದು ಸೇವೆಯೆಂದು ಹಾಡಿಹೋಗುತ್ತಾರೆ. ಎಲ್ಲಿ ಸಂಭಾವನೆ ಕೇಳಬಾರದು ಎಂಬ ಪ್ರಶ್ನೆಗೆ ಹತ್ತು ಅಂಕ ಇಡಿ. ಉಳಿದ ತೊಂಬತ್ತು, ಕೇಳುವುದನ್ನು ಕಲಿತವರಿಗೆ.