ತ್ರಿಚಕ್ರಾದ್ವೈತ: ದೆಹಲಿಯ ರಿಕ್ಷಾ ಉಪವಿಧಿಗಳಿಗೊಂದು ಕಿರುಭಾಷ್ಯ

ಜೀವ, ಬ್ರಹ್ಮ ಎರಡಲ್ಲ ಒಂದೇ ಎಂದು ಸಾಧಿಸಲು ಶಂಕರರು ದೇಶವಿಡೀ ಸುತ್ತಿ ವಾದ ಮಾಡಬೇಕಾಯಿತು. ದೆಹಲಿ ಮಹಾನಗರ ಪಾಲಿಕೆಗೆ ಅಷ್ಟು ಶ್ರಮವಾಗಲಿಲ್ಲ. 1960ರ ಸೈಕಲ್ ರಿಕ್ಷಾ ಉಪವಿಧಿಗಳಲ್ಲಿ ಅದು ಕೂತಲ್ಲೇ ಅದ್ವೈತವನ್ನು ಸ್ಥಾಪಿಸಿತು: ರಿಕ್ಷಾದ ಒಡೆಯನೂ ಅದನ್ನು ತುಳಿಯುವವನೂ ಒಬ್ಬನೇ. ಒಬ್ಬನಿಗೆ ಒಂದೇ ಲೈಸೆನ್ಸ್. ಭೇದ ಕಂಡುಬಂದರೆ ರಿಕ್ಷಾ ಜಪ್ತಿ.

ಸೂತ್ರದ ಹಿಂದಿನ ಕರುಣೆಯನ್ನು ಅಲ್ಲಗಳೆಯಲಾಗದು. ಇನ್ನೊಬ್ಬನ ಬೆವರಿನಲ್ಲಿ ಕೂತು ಉಣ್ಣುವ ಠೇಕೇದಾರ ಇರಬಾರದೆಂಬುದು ಅದರ ತಾತ್ಪರ್ಯ. ಆದರೆ ಪೂರ್ವಪಕ್ಷದವರು ಬಿಡಬೇಕಲ್ಲ! ಬಿತ್ತನೆ ಮುಗಿಸಿ, ಕಟಾವಿಗೆ ಮೊದಲು ನಾಲ್ಕು ಕಾಸು ನೋಡೋಣವೆಂದು ಬಿಹಾರದಿಂದ ಬಂದವನು ರಿಕ್ಷಾ ಕೊಳ್ಳುವುದು ಯಾವ ದುಡ್ಡಿನಲ್ಲಿ? ಊರಿಗೆ ಹೋಗುವಾಗ ಅದನ್ನು ಕಟ್ಟಿಹಾಕುವುದು ಯಾರ ಮನೆ ಮುಂದೆ? ದಿನಬಾಡಿಗೆಗೆ ತಾನೆ ತರಬೇಕು? ಸಿದ್ಧಾಂತಿಯ ಉತ್ತರ: ದಿನಬಾಡಿಗೆ ಬರೀ ಮಾಯೆ. ಠೇಕೇದಾರ ಕಣ್ಣಿಗೆ ಕಾಣುತ್ತಾನೆ, ಕಡತದಲ್ಲಿಲ್ಲ. ಕಡತದಲ್ಲಿಲ್ಲದ್ದು ಪರಮಾರ್ಥದಲ್ಲೂ ಇಲ್ಲ.

ಇಲ್ಲಿ ವ್ಯಾಖ್ಯಾನಕಾರರು ತಡವರಿಸುವ ಜಾಗವೊಂದಿದೆ. ವಿಧವೆಯರಿಗೂ ಅಂಗವಿಕಲರಿಗೂ ಐದು ಲೈಸೆನ್ಸ್‌ವರೆಗೆ ಕೊಡಬಹುದೆಂದು ಅದೇ ಉಪವಿಧಿ ಹೇಳುತ್ತದೆ. ನಡೆಯಲಾರದವನು ಐದು ರಿಕ್ಷಾಗಳನ್ನು ಏಕಕಾಲಕ್ಕೆ ತುಳಿಯಬೇಕಾದರೆ ಪರಕಾಯಪ್ರವೇಶವೊಂದೇ ದಾರಿ. ಅಲ್ಲವೆಂದರೆ, ದ್ವೈತವೆಂಬುದು ಸೂತ್ರಕಾರರಿಗೂ ಗೊತ್ತಿತ್ತು, ಐದಕ್ಕೆ ನಿಲ್ಲಿಸಿದರು ಎನ್ನಬೇಕಾಗುತ್ತದೆ.

ಇನ್ನು ಸಂಖ್ಯಾಯೋಗ. 1997ರಲ್ಲಿ ಲೈಸೆನ್ಸುಗಳ ಮಿತಿಯನ್ನು 99,000 ಎಂದು ಗೊತ್ತುಮಾಡಲಾಯಿತು. ಲಕ್ಷ ಎನ್ನದೆ ಚಪ್ಪಲಿ ಅಂಗಡಿಯ ಬೆಲೆಚೀಟಿಯ ಹಾಗೆ ಒಂದಿಷ್ಟು ಕೆಳಗೇ ನಿಂತದ್ದೇಕೆ ಎಂಬುದು ಮಹಾಪ್ರಬಂಧಕ್ಕೆ ಯೋಗ್ಯವಾದ ಪ್ರಶ್ನೆ. ಬೀದಿಯಲ್ಲಿ ಓಡುತ್ತಿದ್ದವು ಅದರ ಎಷ್ಟೋ ಪಟ್ಟು. ಲೈಸೆನ್ಸಿಲ್ಲದೆ ಸಿಕ್ಕಿಬಿದ್ದ ರಿಕ್ಷಾಕ್ಕೆ ದಂಡ ಹಾಕಿ ಬಿಟ್ಟುಕೊಡುವುದು ಲೌಕಿಕರ ಮಾರ್ಗ. ಉಪವಿಧಿಯದು ಮೋಕ್ಷಮಾರ್ಗ: ಬಿಚ್ಚಿ, ಜಜ್ಜಿ, ಗುಜರಿಯಾಗಿಸಿ ಹರಾಜು. ಈ ಮೋಕ್ಷಕ್ಕೆ ಹೆದರಿದ ಬಡಪಾಯಿಗಳಿಗಾಗಿಯೇ ಪ್ರತ್ಯಕ್ಷ, ಅನುಮಾನ, ಆಗಮಗಳ ಜತೆಗೆ ನಾಲ್ಕನೆಯ ಪ್ರಮಾಣವೊಂದು ಬೀದಿಯಲ್ಲಿ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದರ ಹೆಸರು ಮಾಮೂಲು. (ಈ ಪ್ರಮಾಣಕ್ಕೆ ರಸೀದಿ ಇಲ್ಲ.)

ಕಾರಿನ ವಿಷಯಕ್ಕೆ ಬಂದರೆ ಮಾತ್ರ ದರ್ಶನವೇ ಬೇರೆ. ಒಡೆಯ ಹಿಂದಿನ ಸೀಟಿನಲ್ಲಿ, ಡ್ರೈವರ್ ಮುಂದಿನದರಲ್ಲಿ, ಶುದ್ಧ ದ್ವೈತ. ಒಬ್ಬನ ಹತ್ತಿರ ಒಂದಿರಲಿ, ಒಂಬತ್ತಿರಲಿ, ಕೇಳುವ ಉಪವಿಧಿಯಿಲ್ಲ. ಹೊಗೆಯುಗುಳುವ ಜೀವಕ್ಕೆ ಭೇದವುಂಟು, ಬೆವರುವ ಜೀವಕ್ಕಿಲ್ಲ ಎಂದು ಇದರ ಸಾರ ತೆಗೆದರೆ ತಪ್ಪಾಗಲಾರದು.

ಕೊನೆಗೆ ಮಾನುಷಿ ಸಂಘಟನೆ ಈ ವಾದವನ್ನು ದೆಹಲಿ ಹೈಕೋರ್ಟಿಗೆ ಒಯ್ದಿತು. 2010ರ ಫೆಬ್ರವರಿಯಲ್ಲಿ ನ್ಯಾಯಾಲಯ 99,000ದ ಮಿತಿಯನ್ನೂ, ಒಡೆಯನೇ ತುಳಿಯಬೇಕೆಂಬ ಷರತ್ತನ್ನೂ, ಗುಜರಿ ಮೋಕ್ಷವನ್ನೂ ರದ್ದುಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಉಡುಪಿಯಿಂದ ಅಷ್ಟು ದೂರದಲ್ಲಿ, ಯಾವ ಮಠದ ನೆರವೂ ಇಲ್ಲದೆ ದ್ವೈತ ಗೆದ್ದದ್ದು ಸಾಮಾನ್ಯ ಸಂಗತಿಯಲ್ಲ.

ಚಾಂದನಿ ಚೌಕ್‌ನ ಮುಖ್ಯರಸ್ತೆಯಿಂದ 2006ರಲ್ಲಿ ಸೈಕಲ್ ರಿಕ್ಷಾಗಳನ್ನು ಹೊರಗಟ್ಟಲು ಆದೇಶವಾಗಿತ್ತು. ಆ ರಸ್ತೆಯನ್ನು ಹೊಸದಾಗಿ ಕಟ್ಟಿ 2021ರಲ್ಲಿ ತೆರೆದಾಗ ಕೆಂಪುಕೋಟೆಯ ಕಡೆಯಿಂದ ಫತೇಪುರಿ ಮಸೀದಿವರೆಗೆ ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಪ್ರವೇಶ ನಿಷಿದ್ಧವೆಂದು ಬೋರ್ಡು ಬಿತ್ತು. ಈ ಸಲ ನಿಷೇಧ ಮೋಟಾರು ವಾಹನಗಳಿಗೆ.